ಯುದ್ಧನೌಕೆಗಳ ಜೊತೆ ಒಂದು ಹಸಿರು ಹುಳು: ಸರ್ಕಾರಗಳಿಗೆ ಕಾರ್ಟೂನು ಯಾಕೆ ಬೇಕು?

2025ರ ಏಪ್ರಿಲ್ 1ರಂದು ಚೀನಾ ಸೇನೆ ತೈವಾನ್ ಸುತ್ತ ದೊಡ್ಡ ಕವಾಯತು ಶುರು ಮಾಡಿತು. ಯುದ್ಧನೌಕೆಗಳು ಬಂದವು, ವಿಮಾನಗಳು ಬಂದವು, ಕ್ಷಿಪಣಿ ಪಡೆಯೂ ಸೇರಿಕೊಂಡಿತು. ಅದೇ ದಿನ ಸೇನೆಯ ಪೂರ್ವ ವಲಯದ ಕಮಾಂಡ್ ಒಂದು ಕಾರ್ಟೂನ್ ವಿಡಿಯೋವನ್ನೂ ಹೊರಬಿಟ್ಟಿತು. ಅದರಲ್ಲಿ ತೈವಾನ್ ಅಧ್ಯಕ್ಷ ಲಾಯ್ ಚಿಂಗ್-ತೆ ಒಂದು ಹಸಿರು ಹುಳು. ಕೆಳಗೆ ತೈವಾನ್ ಉರಿಯುತ್ತಿದೆ. ಮೇಲೆ ಒಂದು ಜೊತೆ ಚಾಪ್‌ಸ್ಟಿಕ್ ಆ ಹುಳುವನ್ನು ಹಿಡಿದೆತ್ತಿದೆ. ಅವರ ಹೆಸರೇ ಅಲ್ಲಿ 'ಪರೋಪಜೀವಿ'.

ಈ ಸುದ್ದಿ ಓದಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಬರುತ್ತದೆ. ಇಷ್ಟು ದೊಡ್ಡ ಸೇನೆ, ಇಷ್ಟೊಂದು ಹಡಗು, ಕ್ಷಿಪಣಿ ಇಟ್ಟುಕೊಂಡವರಿಗೆ ಮಕ್ಕಳ ಪುಸ್ತಕದಲ್ಲಿ ಬರುವಂಥ ಹುಳುವಿನ ಚಿತ್ರ ಯಾಕೆ ಬೇಕಾಯಿತು? ಇದು ಯಾವನೋ ಕೆಳಗಿನ ಅಧಿಕಾರಿಯ ತಮಾಷೆಯೇ? ಅಲ್ಲ. ಇದರ ಹಿಂದೆ ನೂರು ವರ್ಷಗಳ ಅಭ್ಯಾಸವಿದೆ, ಪಕ್ಕಾ ಲೆಕ್ಕಾಚಾರವೂ ಇದೆ.

ಮೊದಲು ಹಿನ್ನೆಲೆ. ತೈವಾನ್ ತನ್ನದೇ ಭಾಗ ಎಂದು ಚೀನಾ ಹೇಳುತ್ತದೆ. ಆದರೆ ಬೀಜಿಂಗ್‌ನ ಕಮ್ಯುನಿಸ್ಟ್ ಸರ್ಕಾರ ಆ ದ್ವೀಪವನ್ನು ಒಂದು ದಿನವೂ ಆಳಿಲ್ಲ. ಅಲ್ಲಿ ಸುಮಾರು 2.3 ಕೋಟಿ ಜನರಿದ್ದಾರೆ, ಅವರೇ ತಮ್ಮ ಅಧ್ಯಕ್ಷರನ್ನು ಆರಿಸುತ್ತಾರೆ. 2024ರ ಜನವರಿಯಲ್ಲಿ ಲಾಯ್ ಗೆದ್ದರು. 2025ರ ಮಾರ್ಚ್ 13ರಂದು ಅವರು ಚೀನಾವನ್ನು 'ವಿದೇಶಿ ಶತ್ರು ಶಕ್ತಿ' ಎಂದು ಕರೆದು, ಚೀನಾದ ಬೇಹುಗಾರಿಕೆ ಮತ್ತು ಒಳನುಸುಳುವಿಕೆ ತಡೆಯಲು 17 ಕ್ರಮಗಳನ್ನು ಪ್ರಕಟಿಸಿದರು. ಮೂರು ವಾರ ತುಂಬುವ ಮೊದಲೇ ಕವಾಯತು ಬಂತು, ಅದರ ಜೊತೆ ಹುಳುವೂ ಬಂತು. ಲಾಯ್ ಅವರ ಪಕ್ಷದ ಬಣ್ಣ ಹಸಿರು ಎಂಬುದನ್ನೂ ನೆನಪಿಡಿ.

ಮೂಗು ದೊಡ್ಡದು ಮಾಡುವುದೇ ಬೇರೆ, ಹುಳು ಮಾಡುವುದೇ ಬೇರೆ

ವ್ಯಂಗ್ಯಚಿತ್ರ ಅಂದಮೇಲೆ ಉತ್ಪ್ರೇಕ್ಷೆ ಇದ್ದೇ ಇರುತ್ತದೆ. ಮೂಗು ಉದ್ದವಾಗುತ್ತದೆ, ಹೊಟ್ಟೆ ದಪ್ಪವಾಗುತ್ತದೆ, ಕಿವಿ ಅಗಲವಾಗುತ್ತದೆ. ಆದರೂ ಚಿತ್ರದಲ್ಲಿರುವುದು ಮನುಷ್ಯನೇ. ಅವನು ಹೇಳಿದ್ದನ್ನು, ಮಾಡಿದ್ದನ್ನು ಕಾರ್ಟೂನು ಟೀಕಿಸುತ್ತದೆ.

ಹುಳುವಿನ ಚಿತ್ರದಲ್ಲಿ ಹಾಗಾಗುವುದಿಲ್ಲ. ಹುಳು ಏನು ಹೇಳಿತು ಅಂತ ಯಾರೂ ಕೇಳುವುದಿಲ್ಲ. ಅದು ತಪ್ಪು ಮಾಡಿತೇ ಅಂತಲೂ ಕೇಳುವುದಿಲ್ಲ. ಹುಳು ಇದ್ದರೆ ತೆಗೆಯಬೇಕು, ಅಷ್ಟೇ. ಅದರಲ್ಲೂ ಪರೋಪಜೀವಿ ಅಂದಾಗ ಇನ್ನೂ ಒಂದು ಅರ್ಥ ಒಳಗೆ ಬರುತ್ತದೆ. ದ್ವೀಪ ಒಂದು ಮೈ, ಅಧ್ಯಕ್ಷ ಆ ಮೈಗೆ ಅಂಟಿದ ಕಾಯಿಲೆ. ಹಾಗಾದರೆ ಹೊರಗಿನಿಂದ ಬರುವ ಸೇನೆ ಯಾರು? ವೈದ್ಯ. ದಾಳಿ ಅಂದರೇನು? ಚಿಕಿತ್ಸೆ. ಲಾಯ್‌ಗೆ ವೋಟು ಹಾಕಿದ ಲಕ್ಷಾಂತರ ಜನ ಈ ಚಿತ್ರದಲ್ಲಿ ಎಲ್ಲೂ ಇಲ್ಲ. ಉರಿಯುವ ದ್ವೀಪ ಕಾಣುತ್ತದೆ, ಅದರ ಮೇಲೆ ಬದುಕುವ ಮನುಷ್ಯರು ಕಾಣುವುದಿಲ್ಲ. ಇದೇ ಮಾತನ್ನು ಸೇನಾ ವಕ್ತಾರನೊಬ್ಬ ಬಾಯಿಬಿಟ್ಟು ಹೇಳಿದರೆ ಜಗತ್ತೇ ಬೆಚ್ಚಿಬೀಳುತ್ತದೆ. ಚಿತ್ರದಲ್ಲಿ ಹೇಳಿದರೆ 'ಕಾರ್ಟೂನ್ ತಾನೇ' ಅನ್ನಬಹುದು.

ಈ ಹುಳುವಿಗೆ ಕೆಟ್ಟ ಇತಿಹಾಸವಿದೆ. ಜರ್ಮನಿಯ ನಾತ್ಸಿ ನಾಯಕ ಯೂಲಿಯಸ್ ಸ್ಟ್ರೈಖರ್ 1923ರಲ್ಲಿ ಶುರು ಮಾಡಿದ 'ಡೆರ್ ಸ್ಟುರ್ಮರ್' ಪತ್ರಿಕೆ ಯಹೂದಿಗಳನ್ನು ಜೇಡ, ಹಾವು, ಕ್ರಿಮಿಗಳ ರೂಪದಲ್ಲಿ ಬರೆಸುತ್ತಿತ್ತು. ಅದು ಸರ್ಕಾರದ ಅಧಿಕೃತ ಪತ್ರಿಕೆಯಲ್ಲ. ಆದರೆ ಹಿಟ್ಲರ್ ಆಡಳಿತದಲ್ಲಿ ಅದನ್ನು ಬೀದಿ ಬೀದಿಗಳಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಹಾಕಿಡುತ್ತಿದ್ದರು, ದಾರಿಹೋಕರು ನಿಂತು ನೋಡುತ್ತಿದ್ದರು. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ಸ್ಟ್ರೈಖರ್‌ನ ವಿಚಾರಣೆ ನಡೆಯಿತು. ಯುದ್ಧದ ಯೋಜನೆ ಹಾಕಿದವರ ಸಾಲಿನಲ್ಲಿ ಅವನಿರಲಿಲ್ಲ. ಅವನ ಅಪರಾಧ ಇದ್ದದ್ದು ವರ್ಷಗಟ್ಟಲೆ ಜನರ ಮನಸ್ಸಿಗೆ ವಿಷ ಹಾಕಿದ್ದರಲ್ಲಿ. 1946ರ ಅಕ್ಟೋಬರ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು. ಮುಂದೆ ಆಫ್ರಿಕಾದ ರುವಾಂಡಾದಲ್ಲಿ ಅಧಿಕಾರಸ್ಥರಿಗೆ ಹತ್ತಿರವಿದ್ದ 'ಕಂಗುರಾ' ಪತ್ರಿಕೆ ತುತ್ಸಿ ಜನರನ್ನು 'ಇನ್ಯೆಂಜಿ', ಅಂದರೆ ಜಿರಳೆ, ಎಂದು ಕರೆಯಿತು. 1994ರ ನರಮೇಧದ ನಂತರ ಅದರ ಸಂಪಾದಕನಿಗೂ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ಕೊಟ್ಟಿತು.

ಹುಳುವಿನ ಚಿತ್ರ ಬಂದ ಕಡೆಯಲ್ಲೆಲ್ಲ ನರಮೇಧ ಆಗುತ್ತದೆ ಅಂತ ಇದರ ಅರ್ಥವಲ್ಲ. ಹಾಗೆ ಹೇಳುವುದು ತಪ್ಪು. ಆದರೆ ದೊಡ್ಡ ಹಿಂಸೆ ನಡೆದ ಕಡೆ ಮೊದಲು ಇಂಥ ಭಾಷೆ, ಇಂಥ ಚಿತ್ರ ಬಂದಿದ್ದವು. ಆದ್ದರಿಂದಲೇ ಸೇನೆಯೊಂದು, ಅದೂ ಕವಾಯತಿನ ದಿನವೇ, ಅದನ್ನು ಬಳಸಿದಾಗ ಸುಮ್ನೆ ನಕ್ಕು ಮುಂದೆ ಹೋಗಲಾಗುವುದಿಲ್ಲ.

ಸ್ಟಾಲಿನ್ ತಿದ್ದಿದ ಕಾರ್ಟೂನು

ಸರ್ಕಾರಿ ಕಾರ್ಟೂನು ಹೇಗೆ ತಯಾರಾಗುತ್ತದೆ ಎಂಬುದಕ್ಕೆ ಬೊರಿಸ್ ಯೆಫಿಮೊವ್ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1900ರಲ್ಲಿ ಹುಟ್ಟಿ 2008ರಲ್ಲಿ ತೀರಿಕೊಂಡ ಈ ಸೋವಿಯತ್ ವ್ಯಂಗ್ಯಚಿತ್ರಕಾರ ಪ್ರಾವ್ದಾ, ಇಜ್ವೆಸ್ತಿಯಾ, ಕ್ರೊಕೊಡಿಲ್ ಪತ್ರಿಕೆಗಳಿಗೆ ದಶಕಗಟ್ಟಲೆ ಬರೆದರು.

ಅವರ ಮೊದಲ ಚಿತ್ರಸಂಕಲನ 1924ರಲ್ಲಿ ಬಂತು. ಮುನ್ನುಡಿ ಬರೆದವರು ರಷ್ಯಾ ಕ್ರಾಂತಿಯ ದೊಡ್ಡ ನಾಯಕರಲ್ಲಿ ಒಬ್ಬರಾದ ಟ್ರಾಟ್‌ಸ್ಕಿ. ಕೆಲವೇ ವರ್ಷಗಳಲ್ಲಿ ಟ್ರಾಟ್‌ಸ್ಕಿ ಸ್ಟಾಲಿನ್‌ನ ವೈರಿಯಾದರು, ದೇಶ ಬಿಡಬೇಕಾಯಿತು. ಆಮೇಲೆ ಅದೇ ಯೆಫಿಮೊವ್ ಅದೇ ಟ್ರಾಟ್‌ಸ್ಕಿಯನ್ನು ದ್ರೋಹಿಯಾಗಿ ಚಿತ್ರಿಸಬೇಕಾಯಿತು. ಸ್ಟಾಲಿನ್ ತನ್ನ ಹಳೆಯ ಸಂಗಾತಿಗಳ ಮೇಲೆ ನಡೆಸಿದ 1938ರ ಮಾಸ್ಕೋ ವಿಚಾರಣೆಯಲ್ಲಿ, ತನಗೆ ಪರಿಚಯವಿದ್ದ ಪಕ್ಷದ ನಾಯಕ ಬುಖಾರಿನ್‌ರನ್ನೂ ಹಾಗೆಯೇ ಬರೆಯಬೇಕಾಯಿತು. ಆ ವರ್ಷದ ಕೊನೆಗೆ ಅವರ ಸ್ವಂತ ಅಣ್ಣ, ಹೆಸರಾಂತ ಪತ್ರಕರ್ತ ಮಿಖಾಯಿಲ್ ಕೊಲ್ತ್ಸೊವ್ ಅವರನ್ನು ಬಂಧಿಸಿದರು. 1940ರಲ್ಲಿ ಗುಂಡಿಟ್ಟು ಕೊಂದರು. ತಮ್ಮ ಯೆಫಿಮೊವ್ ಬದುಕಿ ಉಳಿದರು. ಅಣ್ಣನನ್ನು ಕೊಂದ ಸರ್ಕಾರಕ್ಕೇ ಚಿತ್ರ ಬರೆಯುತ್ತಾ ಉಳಿದರು. ಅವರನ್ನು ಸುಲಭವಾಗಿ ಬೈಯಲು ಮನಸ್ಸಾಗುವುದಿಲ್ಲ. ಬೇರೆ ದಾರಿ ಏನಿತ್ತು ಅಂತ ಯೋಚಿಸಿದರೆ ಎದೆ ಭಾರವಾಗುತ್ತದೆ.

1947ರಲ್ಲಿ ಸ್ಟಾಲಿನ್‌ಗೆ ಒಂದು ಚಿತ್ರ ಬೇಕಾಯಿತು. ಅಮೆರಿಕದ ಸೇನೆ ಆರ್ಕ್‌ಟಿಕ್ ಪ್ರದೇಶದತ್ತ ಕಣ್ಣು ಹಾಕಿದೆ, ರಷ್ಯಾದಿಂದ ಅಪಾಯವಿದೆ ಎಂದು ನೆಪ ಹೇಳುತ್ತಿದೆ ಎಂಬುದನ್ನು ಲೇವಡಿ ಮಾಡಬೇಕಿತ್ತು. ಯೆಫಿಮೊವ್ ಮುಂದೆ ಹೇಳಿಕೊಂಡಂತೆ, ಮೊದಲು ಪಕ್ಷದ ನಾಯಕ ಝ್ಡಾನೊವ್ ಕರೆಸಿ ವಿವರಿಸಿದರು. ಜನರಲ್ ಐಸೆನ್‌ಹೋವರ್ ದೊಡ್ಡ ಸೇನೆ ಕಟ್ಟಿಕೊಂಡು ಹಿಮದ ನಾಡಿಗೆ ಓಡಿಬರುತ್ತಿರಬೇಕು, ಪಕ್ಕದಲ್ಲಿ ಒಬ್ಬ ಸಾಮಾನ್ಯ ಅಮೆರಿಕನ್ ನಿಂತು ಇಲ್ಲಿ ಏನಪ್ಪಾ ಇಷ್ಟು ಗಡಿಬಿಡಿ ಅಂತ ಕೇಳುತ್ತಿರಬೇಕು. ಮರುದಿನ ಸ್ಟಾಲಿನ್ ಖುದ್ದಾಗಿ ಫೋನ್ ಮಾಡಿ, ಚಿತ್ರ ಅದೇ ದಿನ ಸಂಜೆಯೊಳಗೆ ಬೇಕು ಅಂದರು. ಚಿತ್ರ ಹೋಯಿತು. ಅದರ ಮೇಲಿನ ಮಾತುಗಳನ್ನು ಸ್ಟಾಲಿನ್ ತಮ್ಮ ಕೈಯಿಂದಲೇ ತಿದ್ದಿದರು. ಆಮೇಲೆ ಅದು ಪ್ರಾವ್ದಾದಲ್ಲಿ ಅಚ್ಚಾಯಿತು.

ಯುದ್ಧದಲ್ಲಿ ಕೋಟಿಗಟ್ಟಲೆ ಜನರನ್ನು ಕಳೆದುಕೊಂಡು, ಊಟಕ್ಕೇ ಕಷ್ಟವಿದ್ದ ದೇಶದ ಸರ್ವಾಧಿಕಾರಿ ಕೂತು ಒಂದು ಕಾರ್ಟೂನಿನ ಸಾಲು ತಿದ್ದುತ್ತಿದ್ದ! ಅದರ ಬೆಲೆ ಅವನಿಗೆ ಗೊತ್ತಿತ್ತು. ಭಾಷಣವನ್ನು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಒಪ್ಪಬೇಕು. ಚಿತ್ರಕ್ಕೆ ಒಂದು ಕ್ಷಣ ಸಾಕು. ಅಕ್ಷರ ಬಾರದವರಿಗೂ ತಲುಪುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ವಾದವನ್ನು ನಾವು ಎದುರು ವಾದದಿಂದ ತಡೆಯುತ್ತೇವೆ. ನಗು ಬಂದುಬಿಟ್ಟರೆ, ಯಾಕೆ ನಕ್ಕೆವು ಅಂತ ಯೋಚಿಸುವ ಮೊದಲೇ ಒಪ್ಪಿಬಿಟ್ಟಿರುತ್ತೇವೆ.

ಕ್ರೊಕೊಡಿಲ್ ಅಂದರೆ ಮೊಸಳೆ. 1922ರಲ್ಲಿ ಶುರುವಾದ ಈ ಹಾಸ್ಯಪತ್ರಿಕೆಯ ಪ್ರಸಾರ ಮುಂದೆ 50 ಲಕ್ಷ ದಾಟಿತ್ತು. ಅದರಲ್ಲಿ ದೇಶದೊಳಗಿನ ಟೀಕೆಯೂ ಇತ್ತು. ಲಂಚಕೋರ ಗುಮಾಸ್ತ, ಕುಡುಕ ಕೆಲಸಗಾರ, ಸೋಮಾರಿ ಮ್ಯಾನೇಜರ್, ಎಲ್ಲರೂ ಬಂದರು. ಓದುಗರು ಖುಷಿಯಿಂದ ನಕ್ಕರು, ಪತ್ರಿಕೆಗೆ ದೂರು ಬರೆದರು. ಆದರೆ ಏಣಿಯ ಒಂದು ಮೆಟ್ಟಿಲಿಗಿಂತ ಮೇಲೆ ಮೊಸಳೆ ಬಾಯಿ ಹಾಕಲಿಲ್ಲ. ಅಧಿಕಾರದ ತುದಿಯಲ್ಲಿ ಕೂತವರು ಸಾಮಾನ್ಯವಾಗಿ ಆ ಪುಟಗಳಲ್ಲಿ ನಗೆಪಾಟಲಾಗಲಿಲ್ಲ. ಸಣ್ಣವರನ್ನು ಟೀಕಿಸಲು ಬಿಟ್ಟರೆ ಜನರ ಸಿಟ್ಟು ಅಲ್ಲೇ ಇಳಿಯುತ್ತದೆ, ದೊಡ್ಡವರು ಸುರಕ್ಷಿತವಾಗಿರುತ್ತಾರೆ.

ಈಗ ಫೋನ್ ಕರೆ ಬೇಕಿಲ್ಲ

ಇಂದಿನ ಚೀನಾದಲ್ಲಿ ಕ್ಸಿನ್‌ಹುವಾ ಸರ್ಕಾರದ ಸುದ್ದಿಸಂಸ್ಥೆ. ಪೀಪಲ್ಸ್ ಡೈಲಿ ಪಕ್ಷದ ಮುಖವಾಣಿ. ಗ್ಲೋಬಲ್ ಟೈಮ್ಸ್ ಅದರ ಅಡಿಯಲ್ಲಿ ಬರುವ ಪತ್ರಿಕೆ. ಚೀನಾ ಡೈಲಿ ಪಕ್ಷದ ಪ್ರಚಾರ ವಿಭಾಗಕ್ಕೆ ಸೇರಿದ್ದು. 2016ರ ಫೆಬ್ರವರಿಯಲ್ಲಿ ಪೀಪಲ್ಸ್ ಡೈಲಿ, ಕ್ಸಿನ್‌ಹುವಾ ಮತ್ತು ಸರ್ಕಾರಿ ಟಿವಿಯ ಕಚೇರಿಗಳಿಗೆ ಹೋಗಿದ್ದ ಷಿ ಜಿನ್‌ಪಿಂಗ್, ಮಾಧ್ಯಮಗಳ ಮನೆತನದ ಹೆಸರು 'ಪಕ್ಷ' ಎಂದೇ ಇರಬೇಕು ಎಂಬರ್ಥದ ಮಾತು ಹೇಳಿದರು. ಮುಚ್ಚುಮರೆ ಏನೂ ಇಲ್ಲ.

ಆದರೆ ಕಾರ್ಟೂನುಗಳೆಲ್ಲ ಈ ಕಚೇರಿಗಳ ಒಳಗೇ ಹುಟ್ಟುವುದಿಲ್ಲ. ಇಲ್ಲೇ ಓದುಗರಿಗೆ ಜಾಸ್ತಿ ಗೊಂದಲವಾಗುವುದು. 2020ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿಷಯದಲ್ಲಿ ಏನಾಯಿತು ನೋಡಿ.

ಆ ವರ್ಷ ಏಪ್ರಿಲ್‌ನಲ್ಲಿ ಕೊರೊನಾ ಎಲ್ಲಿಂದ ಬಂತು ಎಂಬ ಬಗ್ಗೆ ಸ್ವತಂತ್ರ ತನಿಖೆ ಆಗಬೇಕು ಅಂತ ಆಸ್ಟ್ರೇಲಿಯಾ ಕೇಳಿತ್ತು. ಚೀನಾ ಸಿಟ್ಟಾಯಿತು. ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಬಾರ್ಲಿಯ ಮೇಲೆ ಶೇ 80ಕ್ಕೂ ಹೆಚ್ಚು ಸುಂಕ ಬಿತ್ತು. ನವೆಂಬರ್ ಕೊನೆಯಲ್ಲಿ ವೈನ್ ಮೇಲೆ ಗರಿಷ್ಠ ಶೇ 200 ದಾಟುವಷ್ಟು ಸುಂಕ ಬಿತ್ತು. ಇದರ ನಡುವೆ ನವೆಂಬರ್ 19ರಂದು ಆಸ್ಟ್ರೇಲಿಯಾದ್ದೇ ಬ್ರೆರೆಟನ್ ವರದಿ ಹೊರಬಂತು. ತನ್ನ ವಿಶೇಷ ಪಡೆಯ ಯೋಧರು ಅಫ್ಘಾನಿಸ್ತಾನದಲ್ಲಿ 39 ಜನರನ್ನು ಕಾನೂನುಬಾಹಿರವಾಗಿ ಕೊಂದಿದ್ದಾರೆ ಎಂಬುದಕ್ಕೆ ನಂಬಲರ್ಹ ಮಾಹಿತಿ ಇದೆ ಅಂತ ಅದು ಹೇಳಿತು.

ವುಹೆಚಿಲಿನ್ ಎಂಬ ಹೆಸರಿನಲ್ಲಿ ಬರೆಯುವ ಚೀನೀ ಡಿಜಿಟಲ್ ಕಲಾವಿದ ಒಂದು ಚಿತ್ರ ಮಾಡಿದ. ಆಸ್ಟ್ರೇಲಿಯಾದ ಯೋಧ ಅಫ್ಘನ್ ಮಗುವಿನ ಕುತ್ತಿಗೆಗೆ ಚಾಕು ಹಿಡಿದಿದ್ದಾನೆ, ಮಗುವಿನ ತೋಳಲ್ಲಿ ಕುರಿಮರಿ. ನವೆಂಬರ್ 30ರಂದು ಚೀನಾ ವಿದೇಶಾಂಗ ಇಲಾಖೆಯ ವಕ್ತಾರ ಝಾವೋ ಲಿಜಿಯಾನ್ ಅದನ್ನು ಟ್ವಿಟರ್‌ನಲ್ಲಿ ಹಾಕಿದರು. ಪ್ರಧಾನಿ ಸ್ಕಾಟ್ ಮಾರಿಸನ್ ಅದೇ ದಿನ ಕ್ಯಾಮೆರಾ ಮುಂದೆ ಬಂದು, ಇದು ಅಸಹ್ಯ, ಚೀನಾ ಕ್ಷಮೆ ಕೇಳಬೇಕು ಅಂದರು. ಚೀನಾ ಕೇಳಲಿಲ್ಲ. ನಾಚಿಕೆಪಡಬೇಕಾದವರು ನೀವು ಎಂದಿತು.

ಇಲ್ಲಿ ಸರಪಳಿ ಹೇಗಿದೆ ಗಮನಿಸಿ. ಸರ್ಕಾರದ ನೌಕರನಲ್ಲದ ಒಬ್ಬ ಕಲಾವಿದ ಚಿತ್ರ ಬರೆಯುತ್ತಾನೆ. ಅದು ಟ್ವಿಟರ್‌ನಂಥ ಚೀನೀ ಜಾಲತಾಣ ವೀಬೋದಲ್ಲಿ ಓಡುತ್ತದೆ. ರಾಜತಾಂತ್ರಿಕರು ಹಂಚುತ್ತಾರೆ. ಎದುರು ದೇಶ ಕೆರಳುತ್ತದೆ. ಆ ಕೆರಳುವಿಕೆಯೇ ಹೊಸ ಸುದ್ದಿ, ಅದನ್ನು ಸರ್ಕಾರಿ ಪತ್ರಿಕೆಗಳು ಮತ್ತೆ ದೊಡ್ಡದು ಮಾಡುತ್ತವೆ. ಯಾರಾದರೂ ಪ್ರಶ್ನಿಸಿದರೆ ಉತ್ತರ ಸಿದ್ಧ: ಇದು ಒಬ್ಬ ಯುವಕನ ಸ್ವಂತ ಭಾವನೆ. ಸ್ಟಾಲಿನ್ ಕಾಲದಲ್ಲಿ ಆದೇಶ ಮೇಲಿನಿಂದ ಕೆಳಗೆ ಬರುತ್ತಿತ್ತು. ಈಗ ಎಂಥ ಚಿತ್ರ ಬರೆದರೆ ಮೇಲಿನವರು ಎತ್ತಿಕೊಳ್ಳುತ್ತಾರೆ ಎಂಬುದು ಕೆಳಗಿನವರಿಗೇ ಗೊತ್ತಿದೆ. ಯಾವುದನ್ನು ಬರೆದರೆ ಖಾತೆ ಮಾಯವಾಗುತ್ತದೆ ಎಂಬುದೂ ಗೊತ್ತಿದೆ.

ಮಾರಿಸನ್ ಏನು ಮಾಡಬೇಕಿತ್ತು? ಇದಕ್ಕೆ ಸುಲಭದ ಉತ್ತರವಿಲ್ಲ. ಸುಮ್ಮನಿದ್ದರೆ ತನ್ನ ಯೋಧರ ಪರ ನಿಲ್ಲಲಿಲ್ಲ ಅಂತ ದೇಶದೊಳಗೆ ಬೈಗುಳ. ಕೂಗಾಡಿದರೆ ಒಬ್ಬ ವಕ್ತಾರನ ಟ್ವೀಟು ಇಡೀ ಜಗತ್ತಿನ ಸುದ್ದಿ. ಅವರು ಎರಡನೆಯದನ್ನು ಆರಿಸಿದರು, ಆ ಚಿತ್ರವನ್ನು ಅದುವರೆಗೆ ನೋಡಿರದ ಎಷ್ಟೋ ಜನ ಆಮೇಲೆ ಹುಡುಕಿ ನೋಡಿದರು.

ಒಂದು ಅಹಿತಕರ ಸತ್ಯವನ್ನೂ ಹೇಳಲೇಬೇಕು. ಆ ಚಿತ್ರದ ಬೇರು ಪೂರ್ತಿ ಸುಳ್ಳಲ್ಲ. ಕೊಲೆಗಳ ಆರೋಪ ಮಾಡಿದ್ದು ಚೀನಾ ಅಲ್ಲ, ಆಸ್ಟ್ರೇಲಿಯಾದ್ದೇ ತನಿಖೆ. ಚುರುಕಾದ ಸರ್ಕಾರಿ ಪ್ರಚಾರ ಹೀಗೇ ಕೆಲಸ ಮಾಡುತ್ತದೆ. ಎದುರಾಳಿಯ ನಿಜವಾದ ಗಾಯವನ್ನು ಹುಡುಕಿ ಅಲ್ಲೇ ಬೆರಳಿಡುತ್ತದೆ. ಆದರೆ ವರದಿಯನ್ನು ಬರೆಸಿ, ಪ್ರಕಟಿಸಿ, ಜನರ ಮುಂದಿಟ್ಟ ದೇಶ ಆಸ್ಟ್ರೇಲಿಯಾ ಎಂಬ ಅರ್ಧ ಕಥೆ ಚಿತ್ರದಲ್ಲಿ ಬರುವುದಿಲ್ಲ.

ಎರಡೂ ಕಡೆಯ ವಾದ

ಚೀನಾದ ವಾದವನ್ನು ನ್ಯಾಯವಾಗಿ ಕೇಳೋಣ. ಪಶ್ಚಿಮದ ಪತ್ರಿಕೆಗಳು ನಮ್ಮನ್ನು ಇಷ್ಟಬಂದಂತೆ ಅಣಕಿಸುತ್ತವೆ, ಅದನ್ನು ಅಭಿವ್ಯಕ್ತಿ ಸ್ವಾತಂತ್ರ್ಯ ಎನ್ನುತ್ತಾರೆ, ನಾವು ಅದನ್ನೇ ಮಾಡಿದರೆ ಪ್ರೊಪಗಾಂಡ ಎನ್ನುತ್ತಾರೆ ಅಂತ ಅವರ ದೂರು. ಇದರಲ್ಲಿ ಹುರುಳಿಲ್ಲದಿಲ್ಲ. 2020ರ ಜನವರಿಯಲ್ಲಿ ಡೆನ್ಮಾರ್ಕ್‌ನ ಯೂಲಾಂಡ್ಸ್-ಪೋಸ್ಟನ್ ಪತ್ರಿಕೆ ಚೀನಾ ಬಾವುಟದ ಐದು ನಕ್ಷತ್ರಗಳ ಜಾಗದಲ್ಲಿ ವೈರಸ್ ಬರೆದಿತ್ತು. ವುಹಾನ್‌ನಲ್ಲಿ ಜನ ಸಾಯುತ್ತಿದ್ದ ಹೊತ್ತು ಅದು. ನೊಂದವರಿಗೆ ಅದು ಕ್ರೂರವಾಗಿ ಕಂಡರೆ ತಪ್ಪೇನಿಲ್ಲ. ಚೀನಾ ರಾಯಭಾರ ಕಚೇರಿ ಕ್ಷಮೆಗೆ ಒತ್ತಾಯಿಸಿತು. ನಮ್ಮಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯವಿದೆ ಎಂದು ಡೆನ್ಮಾರ್ಕ್ ಪ್ರಧಾನಿ ಹೇಳಿದರು, ಪತ್ರಿಕೆ ಕ್ಷಮೆ ಕೇಳಲಿಲ್ಲ. ಹತ್ತು ತಿಂಗಳ ನಂತರ ಆಸ್ಟ್ರೇಲಿಯಾ ಕ್ಷಮೆ ಕೇಳಿ ಅಂದಾಗ ಚೀನಾ ನಿರಾಕರಿಸಿತು. ಮೇಲ್ನೋಟಕ್ಕೆ ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ. ಡೆನ್ಮಾರ್ಕ್‌ನ ಚಿತ್ರದ ಹಿಂದೆ ಒಂದು ಖಾಸಗಿ ಪತ್ರಿಕೆ ಇತ್ತು. ಆ ಪತ್ರಿಕೆ ಮರುದಿನ ತನ್ನದೇ ಪ್ರಧಾನಿಯನ್ನು ಅಣಕಿಸಬಹುದು. ಅಫ್ಘನ್ ಮಗುವಿನ ಚಿತ್ರವನ್ನು ಹಂಚಿದ್ದು ಒಂದು ದೇಶದ ವಿದೇಶಾಂಗ ಇಲಾಖೆ. ಆ ಇಲಾಖೆಯ ಹಿಂದೆ ಸುಂಕ ಹಾಕುವ ಕೈ ಇದೆ, ಸೇನೆ ಇದೆ.

ಪಶ್ಚಿಮದ ಇತಿಹಾಸವೂ ಶುದ್ಧವೇನಲ್ಲ. 1942ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಪಿಎಂ ಎಂಬ ಖಾಸಗಿ ಪತ್ರಿಕೆಯಲ್ಲಿ ಒಂದು ಕಾರ್ಟೂನು ಬಂತು. ಅಮೆರಿಕದ ಪಶ್ಚಿಮ ಕರಾವಳಿಯ ಜಪಾನಿ ಮೂಲದವರು ಸಾಲುಗಟ್ಟಿ ಸ್ಫೋಟಕ ಪಡೆಯುತ್ತಿರುವಂತೆ, ತಾಯ್ನಾಡಿನ ಸನ್ನೆಗೆ ಕಾಯುತ್ತಿರುವಂತೆ. ಬರೆದವರು ಮುಂದೆ ಮಕ್ಕಳ ಪುಸ್ತಕಗಳಿಂದ ಜಗತ್ತಿಗೆಲ್ಲ ಪ್ರಿಯರಾದ ಡಾ. ಸ್ಯೂಸ್. ಅದು ಬಂದು ಒಂದು ವಾರದೊಳಗೆ ಅಧ್ಯಕ್ಷರ ಆದೇಶ ಬಂತು, ಸುಮಾರು 1.2 ಲಕ್ಷ ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ತಳ್ಳಿದರು. ಆ ಒಂದು ಚಿತ್ರದಿಂದ ಆದೇಶ ಬಂತು ಅಂತಲ್ಲ. ಭಯ ಆಗಲೇ ಹಬ್ಬಿತ್ತು, ಚಿತ್ರ ಅದಕ್ಕೆ ಮುಖ ಕೊಟ್ಟಿತು. ಒಳ್ಳೆಯ ಕಲಾವಿದ, ಸ್ವತಂತ್ರ ಪತ್ರಿಕೆ ಇದ್ದರೂ ಹೀಗಾಗಬಹುದು.

ಡ್ರಿಪ್ ಹಾಕಿದ ಆನೆ

ನಮ್ಮ ದೇಶವೂ ಈ ಚಿತ್ರಗಳಲ್ಲಿ ಬಂದಿದೆ. 2021ರ ಜೂನ್‌ನಲ್ಲಿ ಬ್ರಿಟನ್‌ನಲ್ಲಿ ಏಳು ಶ್ರೀಮಂತ ದೇಶಗಳ ಕೂಟವಾದ ಜಿ-7ರ ಸಭೆ ನಡೆಯಿತು, ಭಾರತ ಅತಿಥಿ ದೇಶ. ಆಗ ಚೀನೀ ಕಲಾವಿದನೊಬ್ಬ ಯೇಸುವಿನ ಕೊನೆಯ ಭೋಜನದ ಪ್ರಸಿದ್ಧ ಚಿತ್ರದ ಮಾದರಿಯಲ್ಲಿ 'ಕೊನೆಯ ಜಿ-7' ಬರೆದ. ನಡುವೆ ಅಮೆರಿಕದ ಹದ್ದು, ಅಕ್ಕಪಕ್ಕ ಬ್ರಿಟನ್‌ನ ಸಿಂಹ, ಫ್ರಾನ್ಸಿನ ಹುಂಜ, ಆಸ್ಟ್ರೇಲಿಯಾದ ಕಾಂಗರೂ. ಒಂದು ಕಡೆ ಡ್ರಿಪ್ ಹಾಕಿಸಿಕೊಂಡ ಆನೆ, ಅದೇ ಭಾರತ. ಗ್ಲೋಬಲ್ ಟೈಮ್ಸ್ ಇದನ್ನು 'ನೆಟ್ಟಿಗರ ಮೆಚ್ಚುಗೆ ಗಳಿಸಿದ ಚಿತ್ರ' ಎಂಬ ಧಾಟಿಯಲ್ಲಿ ವರದಿ ಮಾಡಿತು. ಅದೇ ಸರಪಳಿ. ಎರಡನೇ ಅಲೆಯಲ್ಲಿ ನಮ್ಮಲ್ಲಿ ಆಕ್ಸಿಜನ್ ಸಿಗದೆ ಜನ ಸತ್ತಿದ್ದು ಆಗಷ್ಟೇ. ಆ ಡ್ರಿಪ್ಪು ನೋಡಿದರೆ ಯಾರಿಗಾದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೂ ಮೊದಲು ಮೇ 1ರಂದು ಚೀನಾ ಪಕ್ಷದ ಕಾನೂನು ಆಯೋಗಕ್ಕೆ ಸೇರಿದ ವೀಬೋ ಖಾತೆ ಎರಡು ಫೋಟೋ ಪಕ್ಕಪಕ್ಕ ಹಾಕಿತ್ತು. ಒಂದರಲ್ಲಿ ಚೀನಾದ ರಾಕೆಟ್ ಹಾರುತ್ತಿದೆ, ಇನ್ನೊಂದರಲ್ಲಿ ಭಾರತದ ಚಿತೆಗಳು ಉರಿಯುತ್ತಿವೆ. ಚೀನಾ ಹಚ್ಚುವ ಬೆಂಕಿ, ಭಾರತ ಹಚ್ಚುವ ಬೆಂಕಿ ಎಂಬ ಹೋಲಿಕೆ. ಆಗ ವಿರೋಧಿಸಿದವರು ಯಾರು ಗೊತ್ತೇ? ಚೀನಾದ ಸಾಮಾನ್ಯ ಜನರೇ. ಸಾವನ್ನು ಹೀಗೆ ಆಡಿಕೊಳ್ಳಬಾರದು ಅಂತ ಸಾಕಷ್ಟು ಜನ ಬರೆದರು. ಗ್ಲೋಬಲ್ ಟೈಮ್ಸ್‌ನ ಅಂದಿನ ಸಂಪಾದಕ ಹು ಷಿಜಿನ್ ಕೂಡ ಈಗ ಭಾರತದ ಬಗ್ಗೆ ಸಹಾನುಭೂತಿ ತೋರಬೇಕು ಅಂದರು. ಪೋಸ್ಟ್ ಅಳಿಸಿದರು. ಚೀನಾದ ಜನ ಮತ್ತು ಚೀನಾದ ಸರ್ಕಾರಿ ಮಾಧ್ಯಮ ಒಂದೇ ಅಂತ ನಾವು ಭಾವಿಸಬಾರದು ಎನ್ನುವುದಕ್ಕೆ ಇದನ್ನು ನೆನಪಿಡಬೇಕು.

ಭಾರತವನ್ನು ಅಣಕಿಸಿದ್ದೆಲ್ಲ ಸರ್ಕಾರಿ ಪ್ರಚಾರವೂ ಅಲ್ಲ. 2014ರಲ್ಲಿ ಮಂಗಳಯಾನ ಯಶಸ್ವಿಯಾದಾಗ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹಸು ಹಿಡಿದ ರೈತ ಬಾಹ್ಯಾಕಾಶ ಕ್ಲಬ್ಬಿನ ಬಾಗಿಲು ತಟ್ಟುವ ಚಿತ್ರ ಬಂತು. ಇಸ್ರೋ ಇರುವ ಬೆಂಗಳೂರಿನಲ್ಲಿ ಅದು ಎಷ್ಟು ನೋವು ತಂದಿರಬಹುದು! ಅದು ಅವಹೇಳನವೇ. ಆದರೆ ಓದುಗರು ಪ್ರತಿಭಟಿಸಿದರು, ಪತ್ರಿಕೆ ಕ್ಷಮೆ ಕೇಳಿತು.

ಆ ಕೈ ತನ್ನ ಯಜಮಾನನನ್ನು ಬರೆಯಬಲ್ಲದೇ?

ಒಂದು ಕಾರ್ಟೂನು ವಿಡಂಬನೆಯೋ, ಸರ್ಕಾರದ ಆಯುಧವೋ ಅಂತ ತಿಳಿಯಲು ಚಿತ್ರವನ್ನಷ್ಟೇ ನೋಡಿದರೆ ಸಾಲದು. ಅದೇ ಕೈ, ಅದೇ ಪುಟದಲ್ಲಿ, ತನ್ನ ದೇಶದ ದೊಡ್ಡವರನ್ನು ಬರೆದರೆ ಏನಾಗುತ್ತದೆ ಅಂತ ನೋಡಬೇಕು.

ಹಾಂಗ್‌ಕಾಂಗ್‌ನಲ್ಲಿ ಏನಾಯಿತು ನೋಡಿ. ಝುನ್‌ಝಿ ಎಂಬ ಹೆಸರಿನ ಹಿರಿಯ ವ್ಯಂಗ್ಯಚಿತ್ರಕಾರ ಮಿಂಗ್ ಪಾವೋ ಪತ್ರಿಕೆಯಲ್ಲಿ 40 ವರ್ಷ ಬರೆದರು. ಅಧಿಕಾರಿಗಳು ಅವರ ಚಿತ್ರಗಳನ್ನು ಮತ್ತೆ ಮತ್ತೆ ಬಹಿರಂಗವಾಗಿ ಖಂಡಿಸಿದ ಮೇಲೆ 2023ರ ಮೇ ತಿಂಗಳಲ್ಲಿ ಪತ್ರಿಕೆ ಆ ಅಂಕಣ ನಿಲ್ಲಿಸಿತು. ಸಾರ್ವಜನಿಕ ಗ್ರಂಥಾಲಯಗಳಿಂದ ಅವರ ಪುಸ್ತಕಗಳೂ ಮಾಯವಾದವು. 2022ರಲ್ಲಿ, ತೋಳಗಳಿಂದ ಊರು ಕಾಪಾಡಿಕೊಳ್ಳುವ ಕುರಿಗಳ ಕಥೆಯ ಮಕ್ಕಳ ಚಿತ್ರಪುಸ್ತಕ ತಂದ ಐವರಿಗೆ ರಾಜದ್ರೋಹದ ಹೆಸರಲ್ಲಿ 19 ತಿಂಗಳ ಜೈಲು ಶಿಕ್ಷೆಯಾಯಿತು. ಬಳಸಿದ್ದು ಬ್ರಿಟಿಷರ ಕಾಲದ ಕಾನೂನು. ಎದುರಾಳಿ ಅಧ್ಯಕ್ಷನನ್ನು ಹುಳು ಮಾಡಿದರೆ ಸೇನೆಯ ಅಧಿಕೃತ ವಿಡಿಯೋ. ಮಕ್ಕಳ ಪುಸ್ತಕದಲ್ಲಿ ತೋಳ ಬರೆದರೆ ಜೈಲು.

ಇನ್ನು ತೈವಾನ್. 2020ರ ಫೆಬ್ರವರಿಯಲ್ಲಿ ಅಲ್ಲಿ ಒಂದು ಗಾಳಿಸುದ್ದಿ ಹಬ್ಬಿತು. ಮಾಸ್ಕ್ ಮಾಡಲು ಕಾಗದ ಬಳಸುತ್ತಿರುವುದರಿಂದ ಟಾಯ್ಲೆಟ್ ಪೇಪರ್ ಖಾಲಿಯಾಗುತ್ತದಂತೆ! ಜನ ಅಂಗಡಿಗೆ ಮುಗಿಬಿದ್ದರು. ಸರ್ಕಾರ ಕೂಡಲೇ ಒಂದು ಕಾರ್ಟೂನು ಹಾಕಿತು. ಅದರಲ್ಲಿ ಪ್ರಧಾನಿ ಸು ತ್ಸೆಂಗ್-ಚಾಂಗ್ ಅವರೇ ಬೆನ್ನು ತಿರುಗಿಸಿ ಕುಂಡೆ ಅಲ್ಲಾಡಿಸುತ್ತಿದ್ದಾರೆ. ಎಲ್ಲರಿಗೂ ಇರುವುದು ಒಂದೇ ಕುಂಡೆ ತಾನೇ ಎಂಬ ಮಾತು. ಕೆಳಗೆ ಮಾಸ್ಕ್‌ಗೆ ಬೇರೆ ಕಚ್ಚಾವಸ್ತು, ಟಾಯ್ಲೆಟ್ ಪೇಪರ್‌ಗೆ ಬೇರೆ ಎಂಬ ವಿವರ. ಇದೂ ಸರ್ಕಾರದ ಕಾರ್ಟೂನೇ, ಜನರ ಮನಸ್ಸು ಬದಲಿಸಲೆಂದೇ ಮಾಡಿದ್ದು. ಆದರೆ ಇಲ್ಲಿ ನಗೆಗೆ ಈಡಾದವರು ಸ್ವತಃ ಪ್ರಧಾನಿ, ಹೇಳಿದ್ದು ಯಾರು ಬೇಕಾದರೂ ಪರೀಕ್ಷಿಸಬಹುದಾದ ಸಂಗತಿ.

ಇದೇ ಪರೀಕ್ಷೆಯನ್ನು ನಮಗೂ ಹಚ್ಚಿಕೊಳ್ಳಬೇಕು. ತುರ್ತುಪರಿಸ್ಥಿತಿಯ ವರ್ಷ 1975ರಲ್ಲೇ ವ್ಯಂಗ್ಯಚಿತ್ರಕಾರ ಶಂಕರ್ ಅವರ ಪತ್ರಿಕೆ ಶಂಕರ್ಸ್ ವೀಕ್ಲಿ ಮುಚ್ಚಿತು. 2025ರ ಫೆಬ್ರವರಿಯಲ್ಲಿ, ಟ್ರಂಪ್ ಪಕ್ಕ ಪ್ರಧಾನಿ ಮೋದಿ ಸರಪಳಿ ಹಾಕಿಸಿಕೊಂಡು ಕೂತ ಕಾರ್ಟೂನು ಪ್ರಕಟಿಸಿದ ತಮಿಳಿನ ವಿಕಟನ್‌ನ ಇಡೀ ವೆಬ್‌ಸೈಟ್‌ಗೆ ತಡೆ ಬಿತ್ತು. ಮದ್ರಾಸ್ ಹೈಕೋರ್ಟ್ ಮಾರ್ಚ್‌ನಲ್ಲಿ ತಡೆ ತೆಗೆಯಲು ಹೇಳಿತು, ಆ ಚಿತ್ರವನ್ನು ಸದ್ಯಕ್ಕೆ ತೆಗೆದಿಡಬೇಕು ಎಂಬ ಷರತ್ತಿನೊಂದಿಗೆ.

ಕರ್ನಾಟಕದ ಉದಾಹರಣೆ ಸರ್ಕಾರದ್ದಲ್ಲ, ಪಕ್ಷದ್ದು. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯ ಬಿಜೆಪಿಯ ಎಕ್ಸ್ ಖಾತೆ ಒಂದು ಆನಿಮೇಷನ್ ಹಾಕಿತು. ಎಸ್‌ಸಿ, ಎಸ್‌ಟಿ, ಒಬಿಸಿ ಎಂದು ಬರೆದ ಮೊಟ್ಟೆಗಳ ಗೂಡಿಗೆ ಕಾಂಗ್ರೆಸ್ ನಾಯಕರು ಮುಸ್ಲಿಂ ಎಂದು ಬರೆದ ಮೊಟ್ಟೆ ಇಡುತ್ತಾರೆ. ಆ ಮರಿ ಎಲ್ಲವನ್ನೂ ತಿಂದು ಉಳಿದ ಮರಿಗಳನ್ನು ಹೊರದಬ್ಬುತ್ತದೆ. ಮೀಸಲಾತಿ ಬಗ್ಗೆ ವಾದ ಮಾಡಲು ಅಂಕಿ ಅಂಶ ಬೇಕು, ಕಾನೂನು ಗೊತ್ತಿರಬೇಕು. ಹಕ್ಕಿಮರಿಯ ಚಿತ್ರಕ್ಕೆ ಏನೂ ಬೇಡ, ಒಂದು ಸಮುದಾಯವೇ ಕಳ್ಳಮರಿ ಎಂದಾಯಿತು. ಚುನಾವಣಾ ಆಯೋಗ ಅದನ್ನು ತೆಗೆಯುವಂತೆ ಎಕ್ಸ್ ಕಂಪನಿಗೆ ಹೇಳಿದ್ದು ಮೇ 7ರಂದು. ರಾಜ್ಯದ ಕೊನೆಯ ಹಂತದ ಮತದಾನ ನಡೆದದ್ದೂ ಅದೇ ಮೇ 7ರಂದು.

ಇನ್ನು ಮುಂದೆ

ಎರಡು ಬದಲಾವಣೆಗಳು ಈಗಾಗಲೇ ಆಗಿವೆ. 2020ರಿಂದ ಟ್ವಿಟರ್ ಕ್ಸಿನ್‌ಹುವಾದಂಥ ಸರ್ಕಾರಿ ಮಾಧ್ಯಮಗಳ ಖಾತೆಗಳಿಗೆ 'ಸರ್ಕಾರಿ ನಂಟಿನ ಮಾಧ್ಯಮ' ಎಂಬ ಪಟ್ಟಿ ಅಂಟಿಸುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿತು. ವಾಟ್ಸಾಪಿನಲ್ಲಂತೂ ಚಿತ್ರಕ್ಕೆ ಊರು ಹೆಸರೇ ಇರುವುದಿಲ್ಲ. ಬೀಜಿಂಗ್‌ನ ಕಚೇರಿಯಲ್ಲಿ ಹುಟ್ಟಿದ್ದೂ ಒಂದೇ, ಪಕ್ಕದ ಬೀದಿಯಲ್ಲಿ ಹುಟ್ಟಿದ್ದೂ ಒಂದೇ. ನಂಬುವ ಮೊದಲು ಯಾರು ಬರೆದರು ಅಂತ ಕೇಳುವ ದಾರಿಯೇ ಕಿರಿದಾಗಿದೆ.

ಇನ್ನೊಂದು ಎಐ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸುಂಕ ಪ್ರಕಟಿಸಿದ ಬೆನ್ನಿಗೇ ಚೀನಾದ ಸರ್ಕಾರಿ ಚಾನೆಲ್ ಸಿಜಿಟಿಎನ್ ಎಐನಿಂದ ಮಾಡಿಸಿದ ಅಣಕು ಹಾಡಿನ ವಿಡಿಯೋ ಬಿಟ್ಟಿತು. ಕ್ಸಿನ್‌ಹುವಾ ಬಿಟ್ಟ ವಿಡಿಯೋದಲ್ಲಿ 'ಟ್ಯಾರಿಫ್' ಹೆಸರಿನ ರೋಬೋ ತನ್ನನ್ನೇ ನಾಶ ಮಾಡಿಕೊಳ್ಳುತ್ತದೆ. ಸುಂಕದಿಂದ ಅಮೆರಿಕದ ಜನರಿಗೇ ಬೆಲೆ ಏರುತ್ತದೆ ಎಂಬ ಅವುಗಳ ಮಾತಿನಲ್ಲಿ ಹುರುಳಿತ್ತು, ಎಷ್ಟೋ ಅರ್ಥಶಾಸ್ತ್ರಜ್ಞರೂ ಅದನ್ನೇ ಹೇಳುತ್ತಿದ್ದರು. ನೋಡಬೇಕಾದದ್ದು ವೇಗವನ್ನು. ಮೊದಲು ವಾರ ಹಿಡಿಯುತ್ತಿದ್ದ ಕೆಲಸ ಈಗ ಗಂಟೆಗಳಲ್ಲಿ ಆಗುತ್ತದೆ. ಬೇಕಾದ ಭಾಷೆಯಲ್ಲಿ, ಕನ್ನಡದಲ್ಲೂ.

1947ರಲ್ಲಿ ಒಂದು ಚಿತ್ರ ಬೇಕಾದಾಗ ಸ್ಟಾಲಿನ್ ಒಬ್ಬ ಮನುಷ್ಯನಿಗೆ ಫೋನ್ ಮಾಡಬೇಕಿತ್ತು. ಅಣ್ಣನನ್ನು ಕಳೆದುಕೊಂಡ ಆ ಮನುಷ್ಯ ಹೆದರಿಕೊಂಡೇ ಬರೆದ. ಆದರೂ ಆ ಕೋಣೆಯಲ್ಲಿ 'ಇದು ಸರಿಯೇ' ಅಂತ ಒಳಗೊಳಗೇ ಕೇಳಿಕೊಳ್ಳಬಲ್ಲ ಒಂದು ಜೀವವಾದರೂ ಇತ್ತು. ಈಗ ಆ ಫೋನನ್ನು ಎತ್ತಿಕೊಳ್ಳಲು ಯಾರೂ ಇರಬೇಕಾಗಿಲ್ಲ.